ಎರಡು ಕಾಲಿನ ನಡಿಗೆ ಮೊದಲೋ, ದೊಡ್ಡ ಮಿದುಳು ಮೊದಲೋ?

ಬಾದಾಮಿ ಹುಡುಗ
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಮೊನ್ನೆ ಇಲ್ಲಿ ಗುಹೆಗಳ ಮೆಟ್ಟಿಲ ಹತ್ತಿರ ಒಂದು ಮಂಗ ಪ್ರವಾಸಿಗರ ಚೀಲದಿಂದ ಬಾಳೆಹಣ್ಣು ಕಸಿದುಕೊಂಡಿತು. ಎರಡೂ ಕೈ ತುಂಬಿದ್ದವು. ಹಿಂಗಾಲಿನ ಮೇಲೆ ಎದ್ದು ನಾಲ್ಕಾರು ಹೆಜ್ಜೆ ಓಡಿ ಆಮೇಲೆ ಬಂಡೆ ಏರಿತು. ಅದನ್ನು ನೋಡಿ ನಮ್ಮ ಗೆಳೆಯರಲ್ಲಿ ಜಗಳ ಶುರುವಾಯಿತು. ಒಬ್ಬ ಹೇಳಿದ, ಮನುಷ್ಯನೂ ಹೀಗೇ ಎದ್ದು ನಿಂತಿರಬೇಕು ಅಂತ. ಇನ್ನೊಬ್ಬ ಹೇಳಿದ, ಇಲ್ಲ, ಮೊದಲು ಬುದ್ಧಿ ಬೆಳೆಯಿತು, ಬುದ್ಧಿ ಬಂದ ಮೇಲೆ ಆಯುಧ ಮಾಡಬೇಕು ಅನಿಸಿತು, ಆಯುಧ ಹಿಡಿಯಲು ಕೈ ಬೇಕಾಯಿತು, ಅದಕ್ಕೇ ಎದ್ದು ನಿಂತ. ಯಾವುದು ಸರಿ? ಮತ್ತೆ ಇಷ್ಟು ಹಳೆಯ ಸಂಗತಿ ಗೊತ್ತಾಗುವುದಾದರೂ ಹೇಗೆ?

ಬಾಗಲಕೋಟೆ ಮಾಸ್ತರ
ತಮ್ಮಾ, ನಿನ್ನ ಎರಡನೇ ಗೆಳೆಯ ಹೇಳಿದ್ದನ್ನು ನೂರು ವರ್ಷದ ಹಿಂದೆ ಲಂಡನ್ನಿನ ದೊಡ್ಡ ದೊಡ್ಡ ಪ್ರೊಫೆಸರುಗಳೂ ನಂಬಿದ್ದರು. ಕೇಳಲು ಬಹಳ ಚೆನ್ನಾಗಿದೆ. ಆದರೆ ಮೂಳೆಗಳು ಬೇರೆ ಕಥೆ ಹೇಳುತ್ತವೆ.

ಕಾಲ ಹಿಡಿದು ನೋಡೋಣ. ಟಾಂಜಾನಿಯಾದ ಲೆಟೋಲಿ ಎಂಬಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ಹೆಜ್ಜೆ ಗುರುತು ಸಿಕ್ಕಿವೆ. 36.6 ಲಕ್ಷ ವರ್ಷ ಹಳೆಯವು. ಎರಡೇ ಕಾಲಿನಲ್ಲಿ ನಡೆದವರ ಹೆಜ್ಜೆ, ಕೈ ಊರಿದ ಗುರುತೇ ಇಲ್ಲ. ಇದುವರೆಗೆ ಸಿಕ್ಕ ಅತ್ಯಂತ ಹಳೆಯ ಕಲ್ಲಿನ ಉಪಕರಣ ಕೆನ್ಯಾದ ಲೊಮೆಕ್ವಿಯದು, ಅದು ಸುಮಾರು 33 ಲಕ್ಷ ವರ್ಷದ್ದು. ಅಂದರೆ ಹೆಜ್ಜೆಗಳು ಅದಕ್ಕಿಂತ ಹಳೆಯವು. ಇನ್ನು ಮಿದುಳು. ಲೂಸಿ ಗೊತ್ತಲ್ವಾ? ಇಥಿಯೋಪಿಯಾದ ಹದಾರ್‌ನಲ್ಲಿ 1974ರ ನವೆಂಬರ್ 24ರಂದು ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ಸಿಕ್ಕವಳು, ಸುಮಾರು 32 ಲಕ್ಷ ವರ್ಷದ ಹಿಂದಿನವಳು, ಮೂರೂವರೆ ಅಡಿ ಎತ್ತರ. ಅವಳ ಅಸ್ಥಿಪಂಜರದ ಸುಮಾರು 40 ಪ್ರತಿಶತ ಸಿಕ್ಕಿದೆ. ಸೊಂಟ, ತೊಡೆ ಎಲ್ಲ ನಡೆಯುವವರದು. ಅವಳ ಜಾತಿಯ ಮಿದುಳಿನ ಗಾತ್ರ ಮಾತ್ರ 400ರಿಂದ 500 ಮಿಲಿಲೀಟರ್ ಆಸುಪಾಸು. ಚಿಂಪಾಂಜಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಮ್ಮದು ಸರಾಸರಿ 1350.

ಮೊದಲು ಕಾಲು, ಆಮೇಲೆ ಕಲ್ಲು, ಮಿದುಳು ಬಹಳ ತಡವಾಗಿ. ಈ ಕ್ರಮದ ಬಗ್ಗೆ ಈಗ ಜಗಳವಿಲ್ಲ. ಯಾಕೆ ಎದ್ದು ನಿಂತರು ಎಂಬುದರ ಬಗ್ಗೆ ಮಾತ್ರ ಇವತ್ತಿಗೂ ಜಗಳವಿದೆ.

ಗುಮ್ಮಟದ ಪಿಸುಮಾತು
ಮಾಸ್ತರೇ, ತಪ್ಪು ತಿಳಿಯಬೇಡಿ. ನೂರು ವರ್ಷದ ಹಿಂದೆ ಪ್ರೊಫೆಸರುಗಳೇ ಒಂದು ನಂಬಿದ್ದರು, ಈಗಿನವರು ಇನ್ನೊಂದು ನಂಬುತ್ತಾರೆ. ನಾಳೆ ಮತ್ತೊಂದು ಬರುತ್ತದೆ. ನಾವು ಯಾರನ್ನು ನಂಬಬೇಕು? ನಾಲ್ಕು ಮೂಳೆ ಚೂರು ಹಿಡಿದು ಅದು ಹೇಗೆ ನಡೆಯುತ್ತಿತ್ತು ಅಂತ ಹೇಳುವುದು ನನಗೆ ಭವಿಷ್ಯ ಹೇಳುವವರ ಕೆಲಸ ಅನಿಸುತ್ತದೆ.

ಬಾಗಲಕೋಟೆ ಮಾಸ್ತರ
ಅನುಮಾನ ಒಳ್ಳೆಯದೇ ರೀ. ಆ ಹಳೆಯ ನಂಬಿಕೆ ಹೇಗೆ ಬಿದ್ದಿತು ಅಂತ ಮೊದಲು ಹೇಳುತ್ತೇನೆ, ಬಹಳ ಮಜಾ ಇದೆ.

1912ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಪಿಲ್ಟ್‌ಡೌನ್ ಎಂಬ ಊರಿನ ಹತ್ತಿರ ಒಂದು ತಲೆಬುರುಡೆ ಸಿಕ್ಕಿತು ಅಂತ ಸುದ್ದಿಯಾಯಿತು. ತಂದವನು ಚಾರ್ಲ್ಸ್ ಡಾಸನ್. ಬುರುಡೆ ಮನುಷ್ಯನಷ್ಟೇ ದೊಡ್ಡದು, ದವಡೆ ಮಾತ್ರ ವಾನರನದು. ದೊಡ್ಡ ಮಿದುಳು ಮೊದಲು ಬಂತು ಎನ್ನುವವರಿಗೆ ಬೇಕಾದದ್ದೇ ಸಿಕ್ಕಿತ್ತು. ಅದೂ ಇಂಗ್ಲೆಂಡಿನಲ್ಲೇ!

ಇದಾದ ಮೇಲೆ 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿ ಸುಣ್ಣದ ಕಲ್ಲಿನ ಗಣಿಯಿಂದ ಒಂದು ಮಗುವಿನ ಬುರುಡೆ ಜೋಹಾನ್ಸ್‌ಬರ್ಗ್‌ನ ಅಂಗರಚನೆಯ ಪ್ರೊಫೆಸರ್ ರೇಮಂಡ್ ಡಾರ್ಟ್ ಕೈಗೆ ಬಂತು. ಮಿದುಳು ಸಣ್ಣದು. ಆದರೆ ಬೆನ್ನುಹುರಿ ಹೊರಗೆ ಬರುವ ತೂತು ಬುರುಡೆಯ ಹಿಂಭಾಗದಲ್ಲಿ ಇರಲಿಲ್ಲ, ಮುಂದಕ್ಕೆ ಬಂದು ತಳದಲ್ಲಿತ್ತು. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ತಲೆ ಬೆನ್ನೆಲುಬಿನ ಮುಂದೆ ಚಾಚಿಕೊಂಡಿರುತ್ತದೆ, ತೂತು ಹಿಂದಿರುತ್ತದೆ. ನೆಟ್ಟಗೆ ನಿಲ್ಲುವವರಲ್ಲಿ ತಲೆ ಬೆನ್ನೆಲುಬಿನ ಮೇಲೆ ಕೂತಿರುತ್ತದೆ, ತೂತು ಕೆಳಗಿರುತ್ತದೆ. ಡಾರ್ಟ್ 1925ರ ಫೆಬ್ರವರಿಯಲ್ಲಿ ಬರೆದೇಬಿಟ್ಟ: ಇದು ಎರಡು ಕಾಲಿನಲ್ಲಿ ನಡೆಯುತ್ತಿತ್ತು, ಮಿದುಳು ಮಾತ್ರ ಸಣ್ಣದು. ಹೆಸರು ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್.

ಲಂಡನ್ ದೊಡ್ಡವರು ಒಪ್ಪಲಿಲ್ಲ. ಮರಿ ವಾನರ ಅಂದುಬಿಟ್ಟರು. ಪಿಲ್ಟ್‌ಡೌನ್ ಇದ್ದಿತಲ್ಲ, ಇದು ಅದಕ್ಕೆ ಹೊಂದಲಿಲ್ಲ. ಕೊನೆಗೆ 1953ರಲ್ಲಿ ಪಿಲ್ಟ್‌ಡೌನ್ ಬುರುಡೆಯನ್ನು ಪರೀಕ್ಷೆ ಮಾಡಿದಾಗ ಗೊತ್ತಾದದ್ದು ಏನು? ಬುರುಡೆ ಮನುಷ್ಯನದೇ, ಬಹಳ ಹಳೆಯದೂ ಅಲ್ಲ. ದವಡೆ ಒರಾಂಗುಟಾನ್‌ದು. ಹಲ್ಲುಗಳನ್ನು ಅರದಿಂದ ತಿಕ್ಕಿದ್ದರು, ಮೂಳೆಗೆ ಬಣ್ಣ ಹಾಕಿದ್ದರು. ನಲವತ್ತು ವರ್ಷ ಒಂದು ಶುದ್ಧ ಮೋಸವನ್ನು ಇಟ್ಟುಕೊಂಡು ನಿಜವಾದ ಬುರುಡೆಯನ್ನು ದೂರ ತಳ್ಳಿದ್ದರು.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ ನೋಡಿ. ಪ್ರೊಫೆಸರುಗಳನ್ನು ನಂಬಬೇಡಿ. ಆ ಮೋಸವನ್ನು ಹಿಡಿದದ್ದು ಯಾರ ದೊಡ್ಡಸ್ತಿಕೆಯೂ ಅಲ್ಲ, ಪರೀಕ್ಷೆ. ಮೂಳೆಯನ್ನು ಇನ್ನೊಬ್ಬರು ತೆಗೆದುಕೊಂಡು ಅಳೆದು ನೋಡಬಹುದು, ಭವಿಷ್ಯ ಹೇಳುವವರ ಹತ್ತಿರ ಆ ಸೌಲಭ್ಯ ಇಲ್ಲ.

ಫಿಜಿಯೋ ಅಕ್ಕ, ವಿಜಯಪುರ
ಮೂಳೆ ನೋಡಿ ನಡಿಗೆ ಹೇಳಬಹುದು ಅಣ್ಣಾರೆ, ನಾನು ದಿನಾ ಮಾಡುವ ಕೆಲಸವೇ ಅದು. ಎಕ್ಸ್‌ರೇ ನೋಡಿದರೆ ಈ ಮನುಷ್ಯ ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ ಅನ್ನುವುದು ಬಹಳ ಸಲ ಅವನು ಬಾಗಿಲಲ್ಲಿ ಬರುವುದಕ್ಕೆ ಮೊದಲೇ ಗೊತ್ತಾಗುತ್ತದೆ.

ನಿಮ್ಮ ತೊಡೆಮೂಳೆಯನ್ನೇ ತೆಗೆದುಕೊಳ್ಳಿ. ಸೊಂಟದ ಹತ್ತಿರ ಎರಡೂ ತೊಡೆಮೂಳೆ ದೂರ ದೂರ ಇರುತ್ತವೆ, ಕೆಳಗೆ ಬರುತ್ತಾ ಒಳಗಡೆ ಓರೆಯಾಗಿ ಮಂಡಿಯ ಹತ್ತಿರ ಪಕ್ಕ ಪಕ್ಕ ಬರುತ್ತವೆ. ಅದರಿಂದ ಒಂದು ಕಾಲೆತ್ತಿದಾಗ ಇನ್ನೊಂದು ಪಾದ ಹೆಚ್ಚುಕಮ್ಮಿ ನಮ್ಮ ದೇಹದ ನಡುವೆಯೇ ಇರುತ್ತದೆ. ಚಿಂಪಾಂಜಿಗೆ ಈ ಓರೆ ಇಲ್ಲ, ಮೂಳೆ ನೇರ ಇಳಿಯುತ್ತದೆ. ಅದು ಎರಡು ಕಾಲಿನಲ್ಲಿ ನಡೆದರೆ ಪ್ರತಿ ಹೆಜ್ಜೆಗೂ ಮೈ ಆ ಕಡೆ ಈ ಕಡೆ ವಾಲುತ್ತದೆ. ಲೂಸಿ ಸಿಗುವ ಒಂದು ವರ್ಷ ಮೊದಲು, 1973ರಲ್ಲಿ, ಅದೇ ಹದಾರ್‌ನಲ್ಲಿ ಜೊಹಾನ್ಸನ್‌ಗೆ ಒಂದು ಮಂಡಿ ಕೀಲು ಸಿಕ್ಕಿತ್ತು. ಅದರಲ್ಲಿ ಈ ಓರೆ ಸ್ಪಷ್ಟವಾಗಿತ್ತು.

ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಇನ್ನೊಂದಿದೆ. ಈ ಓರೆ ಹುಟ್ಟಿನಿಂದ ಬರುವುದಿಲ್ಲ. ಹುಟ್ಟಿದ ಕೂಸಿನ ತೊಡೆಮೂಳೆ ನೇರವೇ ಇರುತ್ತದೆ. ಮಗು ನಿಂತು, ನಡೆದು, ಭಾರ ಬಿದ್ದು ಬಿದ್ದು ಮೂಳೆ ಓರೆಯಾಗಿ ಬೆಳೆಯುತ್ತದೆ. ಯಾವುದೋ ಕಾಯಿಲೆಯಿಂದ ಒಂದು ಹೆಜ್ಜೆಯೂ ನಡೆಯದ ಮಕ್ಕಳಲ್ಲಿ ಅದು ಬರುವುದೇ ಇಲ್ಲ. ಹಾಗಾಗಿ ಆ ಮಂಡಿ ಕೀಲಿನ ಯಜಮಾನ ನಡೆಯಬಲ್ಲವನಾಗಿದ್ದ ಅಂತಷ್ಟೇ ಅಲ್ಲ, ಚಿಕ್ಕಂದಿನಿಂದ ದಿನಾ ನಡೆದವನು.

ಇನ್ನು ಸೊಂಟ. ನಿಂತ ಕಡೆ ಒಂದು ಕಾಲು ಎತ್ತಿ ನೋಡಿ. ಎತ್ತಿದ ಕಡೆಗೆ ನೀವು ಬೀಳಬೇಕಿತ್ತು, ಬೀಳುವುದಿಲ್ಲ. ನಿಂತ ಕಾಲಿನ ಕಡೆ ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಹಿಡಿದಿರುತ್ತದೆ. ಆ ಸ್ನಾಯು ಸೋತ ಪೇಷಂಟುಗಳನ್ನು ನೋಡಿ, ಪ್ರತಿ ಹೆಜ್ಜೆಗೂ ಸೊಂಟ ಕುಸಿಯುತ್ತದೆ. ನಮ್ಮ ಸೊಂಟದ ಮೂಳೆ ಗಿಡ್ಡ, ಅಗಲ, ಪಕ್ಕಕ್ಕೆ ತಿರುಗಿ ಬೋಗುಣಿ ಆಕಾರದಲ್ಲಿದೆ, ಅದಕ್ಕೇ ಸ್ನಾಯು ಪಕ್ಕದಿಂದ ಎಳೆಯುತ್ತದೆ. ಚಿಂಪಾಂಜಿಯ ಸೊಂಟದ ಮೂಳೆ ಉದ್ದ, ಬೆನ್ನಿನ ಕಡೆ ಚಪ್ಪಟೆ. ಲೂಸಿಯದು ನಮ್ಮ ಕಡೆಯದು.

ಕುಂದಾ ಪ್ರಿಯ, ಬೆಳಗಾವಿ
ಒಂದು ಕಾಲೆತ್ತಿ ನಿಂತು ನೋಡಿದೆ ಅಕ್ಕಾರೆ. ಪಕ್ಕದ ಟೇಬಲ್ಲಿನವರು ಏನಾಯ್ತು ಸಾಹೇಬ್ರೆ ಅಂತ ಕೇಳಿದರು. ಅದಿರಲಿ, ನನ್ನ ಸೊಂಟನೋವಿಗೂ ಇದೇ ಕಾರಣ ಅಲ್ವಾ? ನಾಲ್ಕು ಕಾಲಿನಲ್ಲಿದ್ದವರು ಎದ್ದು ನಿಂತದ್ದಕ್ಕೆ ಶಿಕ್ಷೆ.

ಫಿಜಿಯೋ ಅಕ್ಕ, ವಿಜಯಪುರ
ಪೂರ್ತಿ ಪೂರ್ವಜರ ಮೇಲೆ ಹಾಕಬೇಡಿ ಅಣ್ಣಾರೆ. ಮೈಯ ಮೇಲ್ಭಾಗದ ಭಾರವೆಲ್ಲ ಸೊಂಟದ ಕೆಳಗಿನ ಎರಡು ಡಿಸ್ಕುಗಳ ಮೇಲೆ ಬೀಳುತ್ತದೆ, ಅವೇ ಮೊದಲು ಸವೆಯುತ್ತವೆ, ಅದು ನಿಜ. ಬೆನ್ನೆಲುಬು ಒಳಗೆ ಬಾಗಿ ಹೊರಗೆ ಬಾಗಿ ಭಾರ ಹಂಚಿಕೊಳ್ಳುವುದೂ ನಿಂತು ನಡೆಯುವುದಕ್ಕಾಗಿಯೇ. ಆದರೆ ಈ ಬೆನ್ನು ನಡೆಯುವವರ ಬೆನ್ನು. ದಿನವಿಡೀ ಕುರ್ಚಿಯಲ್ಲಿ ಕೂತಿರುವುದಕ್ಕೆ ಆದದ್ದಲ್ಲ. ಎದ್ದು ಓಡಾಡಿ.

ಬಾದಾಮಿ ಹುಡುಗ
ಸರಿ, ಕ್ರಮ ಅರ್ಥವಾಯಿತು. ಆದರೆ ಯಾಕೆ? ಕಾಡು ಒಣಗಿ ಹುಲ್ಲುಗಾವಲು ಆಯಿತು, ಮರ ಇಲ್ಲದೆ ಕೆಳಗೆ ಇಳಿದರು, ಹುಲ್ಲಿನ ಮೇಲಿಂದ ಹುಲಿ ಸಿಂಹ ನೋಡಲು ಎದ್ದು ನಿಂತರು ಅಂತ ಓದಿದ ನೆನಪು.

ತೊರವಿ ರಸ್ತೆ
ನನ್ನ ಮತ ಬಿಸಿಲಿಗೆ. ಏಪ್ರಿಲ್ ಮಧ್ಯಾಹ್ನ ನಮ್ಮ ವಿಜಯಪುರಕ್ಕೆ ಬಂದು ನೆಲದ ಮೇಲೆ ಕೈ ಊರಿ ನೋಡಿ, ನೀವೂ ಎದ್ದು ನಿಲ್ಲುತ್ತೀರಿ.

ಬಾಗಲಕೋಟೆ ಮಾಸ್ತರ
ತೊರವಿ ರಸ್ತೆಯವರೇ, ನೀವು ನಗೆಗೆ ಹೇಳಿದ್ದನ್ನು 1980ರ ದಶಕದಲ್ಲಿ ಪೀಟರ್ ವೀಲರ್ ಎಂಬವರು ಲೆಕ್ಕ ಹಾಕಿ ತೋರಿಸಿದ್ದಾರೆ. ನೆತ್ತಿಯ ಮೇಲಿನ ಸೂರ್ಯ ನಿಂತವರ ತಲೆ ಮತ್ತು ಹೆಗಲಿಗೆ ಮಾತ್ರ ಬಡಿಯುತ್ತಾನೆ, ನಾಲ್ಕು ಕಾಲಿನ ಪ್ರಾಣಿಗೆ ಇಡೀ ಬೆನ್ನಿಗೆ ಬಡಿಯುತ್ತಾನೆ. ನೆಲದಿಂದ ಮೇಲಕ್ಕೆ ಹೋದಷ್ಟೂ ಗಾಳಿಯೂ ಜಾಸ್ತಿ. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಬಿಸಿಲೂ ಹುಲ್ಲುಗಾವಲೂ ಎರಡಕ್ಕೂ ಒಂದು ತೊಡಕು ಬಂತು, ಅದರ ಹೆಸರು ಆರ್ಡಿ. ಇಥಿಯೋಪಿಯಾದ ಅರಾಮಿಸ್‌ನಲ್ಲಿ 1994ರಲ್ಲಿ ಸಿಕ್ಕ ಆರ್ಡಿಪಿಥೆಕಸ್ ರಾಮಿಡಸ್ ಅಸ್ಥಿಪಂಜರ, 44 ಲಕ್ಷ ವರ್ಷದ್ದು. ಮೂಳೆಗಳು ಮುಟ್ಟಿದರೆ ಪುಡಿಯಾಗುವಂತಿದ್ದವು. ಅವನ್ನು ಬಿಡಿಸಿ, ಜೋಡಿಸಿ, ಅಳೆದು ಟಿಮ್ ವೈಟ್ ತಂಡ ಪ್ರಕಟಿಸಿದ್ದು 2009ರಲ್ಲಿ. ನೋಡಿದರೆ ಕಾಲಿನ ಹೆಬ್ಬೆರಳು ಪಕ್ಕಕ್ಕೆ ಚಾಚಿಕೊಂಡಿದೆ, ಕೊಂಬೆ ಹಿಡಿಯುವುದಕ್ಕೆ. ಸೊಂಟದ ಮೇಲ್ಭಾಗ ಮಾತ್ರ ಆಗಲೇ ಗಿಡ್ಡವಾಗಿದೆ, ನಡೆಯುವುದಕ್ಕೆ. ಒಂದೇ ಮೈಯಲ್ಲಿ ಎರಡೂ. ಜೊತೆಗೆ ಸಿಕ್ಕ ಪ್ರಾಣಿಗಳ ಪಳೆಯುಳಿಕೆ ಬಯಲಿನವಲ್ಲ, ಮರಗಳಿರುವ ಜಾಗದವು. ಮರ ಹೋದ ಮೇಲೆ ಎದ್ದು ನಿಂತರು ಅಂದರೆ ಮರಗಳ ನಡುವೆಯೇ ನಿಂತಿದ್ದ ಇವಳನ್ನು ಏನು ಮಾಡುವುದು?

ಬಿಸಿಲಿನಿಂದ ಲಾಭ ಆಗಿರಬಹುದು, ಆದರೆ ಬಹಳ ಆಮೇಲೆ, ಬಯಲಿಗೆ ಬಂದ ಮೇಲೆ. ಶುರುವಾದ ಕಾರಣ ಬೇರೆ, ಮುಂದುವರಿದ ಕಾರಣ ಬೇರೆ ಇರಬಹುದು. ಇದನ್ನು ಎಲ್ಲರೂ ಮರೆಯುತ್ತಾರೆ. ಒಂದು ಕಾರಣ ಹಿಡಿದುಕೊಂಡು ಎಪ್ಪತ್ತು ಲಕ್ಷ ವರ್ಷಕ್ಕೂ ಅದನ್ನೇ ಎಳೆಯುತ್ತಾರೆ.

ಶ್ರೀಶೈಲ ಪಾದಯಾತ್ರಿ, ಮುಧೋಳ
ನಾನು ಯುಗಾದಿ ಹೊತ್ತಿಗೆ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವನು. ನಮ್ಮ ಗುಂಪಿನಲ್ಲಿ ಅರವತ್ತು ದಾಟಿದ ಹೆಣ್ಣುಮಕ್ಕಳು ತಲೆ ಮೇಲೆ ಗಂಟು ಇಟ್ಟುಕೊಂಡು ನಮಗಿಂತ ಮುಂದೆ ಹೋಗುತ್ತಾರೆ. ಇಷ್ಟು ದೂರ ಇಷ್ಟು ಕಡಿಮೆ ಊಟದಲ್ಲಿ ಯಾವ ಪ್ರಾಣಿ ಹೋಗುತ್ತದೆ? ಎರಡು ಕಾಲಿನ ನಡಿಗೆಯಲ್ಲಿ ಶಕ್ತಿ ಉಳಿತಾಯ ಇರಲೇಬೇಕು ಅಂತ ನನ್ನ ಅನುಭವ.

ಬಾಗಲಕೋಟೆ ಮಾಸ್ತರ
ಇದೆ. 2007ರಲ್ಲಿ ಚಿಂಪಾಂಜಿಗಳನ್ನೂ ಮನುಷ್ಯರನ್ನೂ ಟ್ರೆಡ್‌ಮಿಲ್ ಮೇಲೆ ನಡೆಸಿ, ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಅಂತ ಅಳೆದರು. ಸೊಕೋಲ್, ರೈಕ್ಲೆನ್, ಪಾಂಟ್ಜರ್ ಎಂಬವರ ಕೆಲಸ. ಮನುಷ್ಯನ ನಡಿಗೆಗೆ ಚಿಂಪಾಂಜಿಗಿಂತ ಸುಮಾರು 75 ಪ್ರತಿಶತ ಕಡಿಮೆ ಶಕ್ತಿ ಸಾಕು. ಚಿಂಪಾಂಜಿಗಳು ಎರಡು ಕಾಲಿನಲ್ಲಿ ನಡೆದರೂ ನಾಲ್ಕರಲ್ಲಿ ನಡೆದರೂ ಸರಾಸರಿ ಖರ್ಚು ಹೆಚ್ಚುಕಮ್ಮಿ ಒಂದೇ. ಆದರೆ ಎಲ್ಲವೂ ಒಂದೇ ತರ ಇರಲಿಲ್ಲ. ಒಂದು ಚಿಂಪಾಂಜಿಗೆ ಎರಡು ಕಾಲೇ ಅಗ್ಗವಾಗಿತ್ತು, ಅದರ ಹೆಜ್ಜೆ ಸ್ವಲ್ಪ ಉದ್ದ. ಹಾಗೆ ಒಂದೊಂದು ಪ್ರಾಣಿಯಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇದ್ದರೆ ಸಾಕು, ಲಾಭ ಇರುವ ಕಡೆ ಪೀಳಿಗೆಗಳು ಸರಿಯುತ್ತವೆ.

ಹೊರುವ ಮಾತಿಗೂ ಆಧಾರ ಇದೆ. ಬಾದಾಮಿ ಹುಡುಗ ನೋಡಿದ್ದನ್ನೇ ಗಿನಿ ದೇಶದ ಬೋಸೂ ಕಾಡಿನಲ್ಲಿ ಸುಸಾನಾ ಕಾರ್ವಾಲೋ ಮತ್ತು ಜೊತೆಗಾರರು ಚಿಂಪಾಂಜಿಗಳಲ್ಲಿ ನೋಡಿ 2012ರಲ್ಲಿ ಬರೆದರು. ಅಪರೂಪಕ್ಕೆ ಸಿಗುವ ಒಳ್ಳೆಯ ಕಾಯಿ ಇಟ್ಟಾಗ ಒಂದೇ ಸಲಕ್ಕೆ ಎಷ್ಟಾಗುತ್ತದೋ ಅಷ್ಟು ಬಾಚಿಕೊಂಡು ಎರಡು ಕಾಲಿನಲ್ಲಿ ಹೋಗುವುದು ಜಾಸ್ತಿಯಾಯಿತು. ಸುಮ್ನೆ ಸಿಗುವ ಕಾಯಿಗೆ ಅಷ್ಟು ಕಷ್ಟಪಡಲಿಲ್ಲ.

ನನ್ನನ್ನು ಕೇಳಿದರೆ ಶುರುವಾದದ್ದು ಮರದ ಮೇಲೆಯೇ. ಸುಮಾತ್ರಾದ ಒರಾಂಗುಟಾನ್‌ಗಳನ್ನು ಸುಸಾನಾ ಥಾರ್ಪ್ ತಂಡ ನೋಡಿ 2007ರಲ್ಲಿ ಬರೆದದ್ದು ಹೀಗಿದೆ: ತೆಳು ಕೊಂಬೆಯ ತುದಿಗೆ ಹಣ್ಣಿಗೆ ಹೋಗುವಾಗ ಅವು ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತವೆ, ಮೊಣಕಾಲು ಬಾಗಿಸುವುದಿಲ್ಲ, ಒಂದು ಕೈಯಿಂದ ಮೇಲಿನ ಕೊಂಬೆ ಹಿಡಿದಿರುತ್ತವೆ. ಆರ್ಡಿಯ ಹೆಬ್ಬೆರಳಿಗೆ ಇದು ಹೊಂದುತ್ತದೆ. ಇದನ್ನು ಒಪ್ಪದವರು ಬಹಳ ಇದ್ದಾರೆ, ಗೊತ್ತಿರಲಿ.

ಗುಮ್ಮಟದ ಪಿಸುಮಾತು
ಹಾಗಾದರೆ ಬಾದಾಮಿಯ ಮಂಗ ಇನ್ನೂ ಮನುಷ್ಯ ಯಾಕೆ ಆಗಿಲ್ಲ ಅಂತ ಕೇಳುವವರಿಗೆ ಏನು ಹೇಳುತ್ತೀರಿ? ನಾನೇ ಕೇಳುತ್ತಿದ್ದೇನೆ ಅಂದುಕೊಳ್ಳಿ.

ಬಾಗಲಕೋಟೆ ಮಾಸ್ತರ
ನಿಮ್ಮ ಕಾಕಾನ ಮಕ್ಕಳು ನೀವು ಯಾಕೆ ಆಗಿಲ್ಲ? ಮಂಗದಿಂದಾಗಲಿ ಚಿಂಪಾಂಜಿಯಿಂದಾಗಲಿ ನಾವು ಹುಟ್ಟಿಲ್ಲ. ನಮಗೂ ಚಿಂಪಾಂಜಿಗೂ ಒಬ್ಬ ಹಿರಿಯ ಇದ್ದ, ಸುಮಾರು 60–70 ಲಕ್ಷ ವರ್ಷದ ಹಿಂದೆ ದಾರಿ ಬೇರೆಯಾಯಿತು. ಬಾದಾಮಿ ಮಂಗಗಳ ಜೊತೆ ಬೇರೆಯಾಗಿ ಎರಡು ಕೋಟಿ ವರ್ಷದ ಮೇಲಾಯಿತು. ಅವು ಅವುಗಳ ದಾರಿಯಲ್ಲಿ ಚೆನ್ನಾಗಿಯೇ ಇವೆ, ದಿನಾ ಬಾಳೆಹಣ್ಣು ಸಿಗುತ್ತಿದೆ.

ನಿರ್ವಾಹಕ
ಧರ್ಮದ ಕಡೆ ತಿರುಗಿದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯದ ಮೇಲೇ ಇರಿ.

ಜಮಖಂಡಿ ಅಭ್ಯರ್ಥಿ
ಪರೀಕ್ಷೆಗೆ ಓದುತ್ತಿದ್ದೇನೆ ಸರ್. ನನ್ನ ಹತ್ತಿರ ಇರುವ ಹಳೆಯ ನೋಟ್ಸಿನಲ್ಲಿ ರಾಮಾಪಿಥೆಕಸ್ ಮನುಷ್ಯನ ಮೊದಲ ಪೂರ್ವಜ, ಭಾರತದ ಶಿವಾಲಿಕ್ ಬೆಟ್ಟದಲ್ಲಿ ಸಿಕ್ಕಿತು, ನೆಟ್ಟಗೆ ನಡೆಯುತ್ತಿತ್ತು ಅಂತ ಇದೆ. ಇಲ್ಲಿ ಯಾರೂ ಅದರ ಹೆಸರೇ ಎತ್ತಿಲ್ಲ. ಬರೆಯಲೋ ಬಿಡಲೋ?

ಬಾಗಲಕೋಟೆ ಮಾಸ್ತರ
ಬಿಡು ತಮ್ಮಾ. ಆ ನೋಟ್ಸನ್ನೂ ಬಿಡು.

ಕಥೆ ಹೀಗಿದೆ. 1932ರಲ್ಲಿ ಈಗಿನ ಹಿಮಾಚಲದ ಹರಿತಲ್ಯಾಂಗರ್‌ನಲ್ಲಿ ಎಡ್ವರ್ಡ್ ಲೂಯಿಸ್ ಎಂಬ ಅಮೆರಿಕದ ವಿದ್ಯಾರ್ಥಿಗೆ ಒಂದು ಮೇಲ್ದವಡೆಯ ತುಂಡು ಸಿಕ್ಕಿತು. ರಾಮನ ಹೆಸರಿಟ್ಟ. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್ಬೀಮ್ ಅದನ್ನು ಮತ್ತೆ ತೆಗೆದು, ಕೋರೆಹಲ್ಲು ಸಣ್ಣದು, ದವಡೆಯ ಕಮಾನು ಮನುಷ್ಯನದು, ಹಾಗಾಗಿ ಇದು ನಮ್ಮ ಪೂರ್ವಜ ಅಂದರು. ಕೋರೆಹಲ್ಲು ಸಣ್ಣದಾದರೆ ಕೈಯಲ್ಲಿ ಆಯುಧ ಇರಬೇಕು, ಆಯುಧ ಇದ್ದರೆ ಎರಡು ಕಾಲಿನಲ್ಲಿ ನಡೆದಿರಬೇಕು ಎನ್ನುವ ತನಕ ಮಾತು ಹೋಯಿತು. ಕಾಲಿನ ಮೂಳೆ ಒಂದೂ ಇರಲಿಲ್ಲ! ದವಡೆಯ ನಡುಭಾಗವೂ ಇರಲಿಲ್ಲ, ಕಮಾನಿನ ಆಕಾರ ಊಹೆ.

ಮೊದಲ ಪೆಟ್ಟು ಬಿದ್ದದ್ದು ಮೂಳೆಯಿಂದಲ್ಲ, ರಕ್ತದಿಂದ. 1967ರಲ್ಲಿ ವಿನ್ಸೆಂಟ್ ಸರಿಕ್ ಮತ್ತು ಅಲನ್ ವಿಲ್ಸನ್ ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯ ಮತ್ತು ಆಫ್ರಿಕಾದ ವಾನರಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಆಗಿರಬೇಕು ಅಂದರು. ರಾಮಾಪಿಥೆಕಸ್ ಒಂದು ಕೋಟಿ ವರ್ಷಕ್ಕೂ ಹಿಂದಿನದು ಎಂಬ ಲೆಕ್ಕವಿತ್ತು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಮೂಳೆಯವರು ನಕ್ಕರು. ಆಮೇಲೆ ಪಾಕಿಸ್ತಾನದ ಪೋಟ್ವಾರ್‌ನಲ್ಲಿ ಮುಖದ ಮೂಳೆ ಸಮೇತ ಶಿವಾಪಿಥೆಕಸ್ ಎಂಬ ಹಳೆಯ ವಾನರ ಸಿಕ್ಕಿತು, ನೋಡಿದರೆ ಒರಾಂಗುಟಾನ್ ಮುಖ. ಅದನ್ನು 1982ರಲ್ಲಿ ಪ್ರಕಟಿಸಿದವರು ಅದೇ ಪಿಲ್ಬೀಮ್, ತಮ್ಮ ಹಳೆಯ ಮಾತನ್ನು ತಾವೇ ಬಿಟ್ಟುಕೊಟ್ಟರು. ಈಗ ರಾಮಾಪಿಥೆಕಸ್ ಅಂತ ಬೇರೆ ಕುಲವೇ ಇಲ್ಲ, ಶಿವಾಪಿಥೆಕಸ್‌ನಲ್ಲಿ ಸೇರಿಹೋಗಿದೆ. ಕೋರೆಹಲ್ಲು ಸಣ್ಣ ಇರುವುದು ಹೆಣ್ಣಿನದು ಆದ್ದರಿಂದ ಅಂತಲೂ ಹೇಳುತ್ತಾರೆ.

ನೆಟ್ಟಗೆ ನಡೆಯುತ್ತಿತ್ತು ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು ಒಂದೇ. ಸೊಂಟ, ತೊಡೆ, ಪಾದ ಸಿಕ್ಕಿದೆಯಾ?

ಜಮಖಂಡಿ ಅಭ್ಯರ್ಥಿ
ಇನ್ನೂ ಎಷ್ಟು ಮಂದಿ ಆ ನೋಟ್ಸ್ ಓದುತ್ತಿದ್ದಾರೋ ಸರ್, ಜೆರಾಕ್ಸ್ ಅಂಗಡಿಯಲ್ಲಿ ಇವತ್ತೂ ಸಿಗುತ್ತದೆ.

ಗೋಕಾಕ ಸಿಸ್ಟರ್
ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ಫಿಜಿಯೋ ಅಕ್ಕಾರೆ, ಸೊಂಟ ಗಿಡ್ಡವಾಗಿ ತಿರುಗಿದ್ದರಿಂದ ದಾರಿ ಇಕ್ಕಟ್ಟಾಯಿತು, ಆಮೇಲೆ ತಲೆ ದೊಡ್ಡದಾಯಿತು, ಅದಕ್ಕೇ ಹೆರಿಗೆ ಇಷ್ಟು ಕಷ್ಟ ಅಂತ ನಮಗೆ ಟ್ರೇನಿಂಗಿನಲ್ಲಿ ಹೇಳಿದ್ದರು. ಕೂಸು ಬರುವಾಗ ತಿರುಗಿ ತಿರುಗಿ ಬರಬೇಕು. ಹೊರಗೆ ಬಂದಾಗ ಸಾಮಾನ್ಯವಾಗಿ ಅದರ ಮುಖ ತಾಯಿಯ ಬೆನ್ನಿನ ಕಡೆ ಇರುತ್ತದೆ, ತಾಯಿ ತಾನೇ ಬಗ್ಗಿ ಎತ್ತಿಕೊಳ್ಳುವುದು ಕಷ್ಟ. ಹಾಗಾಗಿ ಸೂಲಗಿತ್ತಿ ಬೇಕಾದಳು.

ಫಿಜಿಯೋ ಅಕ್ಕ, ವಿಜಯಪುರ
ಹೌದು ಸಿಸ್ಟರ್, ಬಹಳ ಕಾಲದಿಂದ ಹಾಗೇ ಹೇಳುತ್ತಾರೆ. ಆದರೆ ಒಂಬತ್ತು ತಿಂಗಳಿಗೇ ಕೂಸು ಹೊರಗೆ ಬರುವುದು ಸೊಂಟ ಇಕ್ಕಟ್ಟಾದದ್ದಕ್ಕೆ ಮಾತ್ರ ಅಲ್ಲ ಅಂತ 2012ರಲ್ಲಿ ಹಾಲಿ ಡನ್ಸ್‌ವರ್ತ್ ಮತ್ತು ಇತರರು ಬರೆದರು. ಆ ಹೊತ್ತಿಗೆ ತಾಯಿಯ ಮೈ ಶಕ್ತಿ ಕೊಡುವ ಮಿತಿಗೆ ಬಂದಿರುತ್ತದೆ, ಅದಕ್ಕಿಂತ ಜಾಸ್ತಿ ಸಾಕಲು ಆಗುವುದಿಲ್ಲ, ಅದು ಅವರ ವಾದ. ಬಸುರಿಯರನ್ನು ದಿನಾ ನೋಡುವ ನಿಮಗೆ ಅದು ಹೆಚ್ಚು ಗೊತ್ತು.

ಕುಂದಾ ಪ್ರಿಯ, ಬೆಳಗಾವಿ
ಲೆಟೋಲಿ ಹೆಜ್ಜೆ ಹೇಗೆ ಸಿಕ್ಕವು ಅಂತ ಯಾರೂ ಹೇಳಲಿಲ್ಲ. 1976ರಲ್ಲಿ ಆ ವಿಜ್ಞಾನಿಗಳು ಸಂಜೆ ಹೊತ್ತು ಒಬ್ಬರ ಮೇಲೊಬ್ಬರು ಒಣಗಿದ ಆನೆ ಲದ್ದಿ ಎಸೆದು ಆಡುತ್ತಿದ್ದರಂತೆ. ಆಂಡ್ರ್ಯೂ ಹಿಲ್ ಎಂಬವನು ತಪ್ಪಿಸಿಕೊಳ್ಳಲು ಹೋಗಿ ನೆಲಕ್ಕೆ ಬಿದ್ದ. ಮುಖದ ಮುಂದೆಯೇ ಪ್ರಾಣಿಗಳ ಹೆಜ್ಜೆ ಗುರುತು! ಎರಡು ವರ್ಷ ಆದ ಮೇಲೆ ಮೇರಿ ಲೀಕಿ ತಂಡಕ್ಕೆ ಅದೇ ಬೂದಿಯಲ್ಲಿ ನಡೆದವರ ಹೆಜ್ಜೆ ಸಿಕ್ಕಿತು. ಸರ್ಕಾರಿ ಪ್ರಾಜೆಕ್ಟಿನಲ್ಲಿ ಹೀಗೆ ಆಡಿದ್ದರೆ ನೋಟಿಸು ಬರುತ್ತಿತ್ತು.

ಬಾಗಲಕೋಟೆ ಮಾಸ್ತರ
ನಿಜ, ಅದು ಹಾಗೇ ಆದದ್ದು. ಬೂದಿ ಬಿತ್ತು, ಮಳೆ ಹನಿಯಿತು, ಹಸಿ ಬೂದಿಯ ಮೇಲೆ ನಡೆದರು, ಬಿಸಿಲಿಗೆ ಗಟ್ಟಿಯಾಯಿತು, ಮತ್ತೆ ಬೂದಿ ಬಿದ್ದು ಮುಚ್ಚಿತು. ಸುಮಾರು 27 ಮೀಟರ್ ಉದ್ದದ ಜಾಡು. ಹಿಮ್ಮಡಿ ಮೊದಲು ಆಳವಾಗಿ ಊರಿದೆ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇದೆ.

ಅದೇ ಲೆಟೋಲಿಯಲ್ಲಿ ಇನ್ನೊಂದು ಜಾಡಿದೆ. ಅದು ವಿಚಿತ್ರವಾಗಿತ್ತು, ಕಾಲು ಅಡ್ಡಾದಿಡ್ಡಿ ಇಟ್ಟಂತೆ. ಕರಡಿಯದ್ದೇನೋ ಅಂತ ಬಿಟ್ಟಿದ್ದರು. ಮತ್ತೆ ಅಗೆದು ಶುದ್ಧ ಮಾಡಿ, ಕರಡಿ, ಚಿಂಪಾಂಜಿ, ಮನುಷ್ಯರ ಹೆಜ್ಜೆಗಳ ಜೊತೆ ಹೋಲಿಸಿ, 2021ರಲ್ಲಿ ಎಲಿಸನ್ ಮೆಕ್ನಟ್, ಜೆರೆಮಿ ಡಿಸಿಲ್ವಾ ಮುಂತಾದವರು ಹೇಳಿದರು: ಕರಡಿ ಅಲ್ಲ, ಇದೂ ಎರಡು ಕಾಲಿನ ಪೂರ್ವಜರದೇ, ಆದರೆ ಲೂಸಿಯ ಜಾತಿಯದಲ್ಲ. ಇಥಿಯೋಪಿಯಾದಲ್ಲಿ 34 ಲಕ್ಷ ವರ್ಷದ ಒಂದು ಪಾದ ಸಿಕ್ಕಿದೆ, ಲೂಸಿಯ ಜಾತಿ ಇದ್ದ ಕಾಲದ್ದೇ. ಅದರ ಹೆಬ್ಬೆರಳು ಇನ್ನೂ ಕೊಂಬೆ ಹಿಡಿಯುವಂಥದ್ದು. ಒಂದೇ ಕಾಲದಲ್ಲಿ ಬೇರೆ ಬೇರೆ ತರದ ನಡಿಗೆ ಇದ್ದವು.

ಅದಕ್ಕೇ ಆ ಪ್ರಸಿದ್ಧ ಚಿತ್ರ ನನಗೆ ಸಿಟ್ಟು ತರಿಸುತ್ತದೆ. 1965ರಲ್ಲಿ ರುಡಾಲ್ಫ್ ಜಾಲಿಂಜರ್ ಬರೆದ ಸಾಲು ಚಿತ್ರ, ಆಮೇಲೆ ಅದನ್ನು ನೋಡಿ ಬರೆದ ಸಾವಿರ ಚಿತ್ರಗಳು. ಬಾಗಿದ ವಾನರ, ಸ್ವಲ್ಪ ಎದ್ದ ವಾನರ, ಇನ್ನೂ ಸ್ವಲ್ಪ ಎದ್ದವನು, ಕೊನೆಗೆ ನೆಟ್ಟಗೆ ನಿಂತ ಗಂಡಸು. ನಮ್ಮ ಕಡೆ ಶಾಲೆ ಗೋಡೆಗಳ ಮೇಲೂ ಇದೆ. ಒಬ್ಬರ ಹಿಂದೆ ಒಬ್ಬರು ಬಂದರು ಅಂತ ಅದು ಹೇಳುತ್ತದೆ, ಅರ್ಧ ಬಾಗಿ ಲಕ್ಷಾಂತರ ವರ್ಷ ನಡೆದರು ಅಂತಲೂ ಹೇಳುತ್ತದೆ. ಎರಡಕ್ಕೂ ಮೂಳೆಯ ಆಧಾರ ಇಲ್ಲ. ಮರ ಏರುತ್ತಲೂ ಇದ್ದರು, ಇಳಿದಾಗ ನೆಟ್ಟಗೆ ನಡೆಯುತ್ತಲೂ ಇದ್ದರು. ಇಡೀ ಮೈ ನಮ್ಮ ಅಳತೆಗೆ, ಉದ್ದ ಕಾಲಿಗೆ ಬಂದದ್ದು ನಮ್ಮದೇ ಕುಲದ ಹಳೆಯ ಜಾತಿಯಾದ ಹೋಮೋ ಎರೆಕ್ಟಸ್‌ನಲ್ಲಿ. ಕೆನ್ಯಾದ ತುರ್ಕಾನಾ ಸರೋವರದ ಹತ್ತಿರ 1984ರಲ್ಲಿ ಕಮೋಯಾ ಕಿಮೆಯು ಕಂಡುಹಿಡಿದ ಹುಡುಗನ ಅಸ್ಥಿಪಂಜರ ನೋಡಿ, ಸುಮಾರು 15 ಲಕ್ಷ ವರ್ಷದ್ದು, ಕತ್ತಿನಿಂದ ಕೆಳಗೆ ಹೆಚ್ಚುಕಮ್ಮಿ ನಮ್ಮವನೇ.

ಬಾದಾಮಿ ಹುಡುಗ
ಎಲ್ಲ ಆಫ್ರಿಕಾದಲ್ಲೇ ಆಯಿತು ಅಂತ ಆಯಿತು. ನಮ್ಮ ಕಡೆ ಏನೂ ಇಲ್ವಾ?

ಮಲಪ್ರಭಾ ದಂಡೆ
ಇದೆ, ಆದರೆ ಮೂಳೆ ಅಲ್ಲ, ಕಲ್ಲು. ನಿಮ್ಮ ತಾಲೂಕಿನಲ್ಲೇ ಮಲಪ್ರಭಾ ದಂಡೆಯ ಖ್ಯಾಡದಲ್ಲಿ ಹಳೆ ಶಿಲಾಯುಗದ ಕೈಕೊಡಲಿಗಳು ಸಿಕ್ಕಿವೆ. ಬಾಗಲಕೋಟೆ ಕಡೆ ಘಟಪ್ರಭಾ ದಂಡೆಯ ಅನಗವಾಡಿಯಲ್ಲೂ ಸಿಕ್ಕಿವೆ. 1863ರಲ್ಲಿ ಚೆನ್ನೈ ಹತ್ತಿರ ಪಲ್ಲಾವರಂನಲ್ಲಿ ಭಾರತದ ಮೊದಲ ಕೈಕೊಡಲಿ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿಯಾಗಿ ನಮ್ಮ ಈ ಕಡೆಯೆಲ್ಲ ತಿರುಗಿ ಮಲಪ್ರಭಾ ಕಣಿವೆಯಲ್ಲೂ ಇಂಥ ಕಲ್ಲು ನೋಡಿದ್ದ. ಆಮೇಲೆ 1950ರ ದಶಕದಲ್ಲಿ ಆರ್. ವಿ. ಜೋಶಿ ಮಲಪ್ರಭಾ ಕಣಿವೆಯನ್ನು, ಅವರ ನಂತರ ಆರ್. ಎಸ್. ಪಪ್ಪು ಅನಗವಾಡಿ ಕಡೆಯನ್ನು ಸರಿಯಾಗಿ ಅಭ್ಯಾಸ ಮಾಡಿದರು.

ಪಕ್ಕದ ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರದಲ್ಲಿ ಕೆ. ಪದ್ದಯ್ಯ ಅಗೆದರು, ಅಲ್ಲಿ ಕಲ್ಲು ಒಡೆದು ಕೊಡಲಿ ಮಾಡಿದ ಜಾಗವೇ ಸಿಕ್ಕಿದೆ. ಪ್ರಾಣಿಯ ಹಲ್ಲಿನಿಂದ ತೆಗೆದ ಕಾಲ ಸುಮಾರು 12 ಲಕ್ಷ ವರ್ಷ. ತಮಿಳುನಾಡಿನ ಅತ್ತಿರಂಪಾಕ್ಕಂ ಸುಮಾರು 15 ಲಕ್ಷ. ಅಂದರೆ ಇಲ್ಲಿಗೆ ಬಂದವರು ಆಗಲೇ ಚೆನ್ನಾಗಿ ನಡೆಯುತ್ತಿದ್ದವರು. ನಡಿಗೆ ಶುರುವಾದದ್ದು ಅಲ್ಲಿ, ನಡೆದು ಬಂದದ್ದು ಇಲ್ಲಿಗೆ.

ತೊರವಿ ರಸ್ತೆ
ಕಲ್ಲು ಇಷ್ಟು ಸಿಕ್ಕಿದರೆ ಅದನ್ನು ಮಾಡಿದವರ ಒಂದು ಹಲ್ಲಾದರೂ ಸಿಗಬೇಕಿತ್ತಲ್ಲ?

ಮಲಪ್ರಭಾ ದಂಡೆ
ನಮ್ಮ ನೆಲದ ತೊಂದರೆ ಅದು. ಬಾದಾಮಿ, ಕಲಾದಗಿಯ ಬಂಡೆಗಳು ಮೂಳೆ ಇರುವ ಪ್ರಾಣಿ ಹುಟ್ಟುವುದಕ್ಕೂ ಎಷ್ಟೋ ಮೊದಲಿನವು. ವಿಜಯಪುರದ ಕರಿಕಲ್ಲು ಲಾವಾ ಹರಿದು ಆದದ್ದು, ಆರೂವರೆ ಕೋಟಿ ವರ್ಷದ ಆಸುಪಾಸಿನದು. ಎರಡರಲ್ಲೂ ಮನುಷ್ಯನ ಪೂರ್ವಜ ಇರಲು ಸಾಧ್ಯವೇ ಇಲ್ಲ. ಉಳಿದದ್ದು ನದಿ ತಂದು ಹಾಕಿದ ಗರಸು ಮತ್ತು ಮಣ್ಣು. ಅಲ್ಲಿ ನೀರು ಹೊರಳಿಸಿ ಹೊರಳಿಸಿ ಮೂಳೆ ಪುಡಿಯಾಗುತ್ತದೆ, ಗಟ್ಟಿ ಕ್ವಾರ್ಟ್‌ಜೈಟ್ ಕಲ್ಲು ಉಳಿಯುತ್ತದೆ.

ಪೂರ್ವ ಆಫ್ರಿಕಾದಲ್ಲಿ ನೆಲ ಸೀಳಿ ಕಣಿವೆ ಆಯಿತು, ಸರೋವರಗಳ ಕೆಸರು ತುಂಬಿತು, ನಡುನಡುವೆ ಜ್ವಾಲಾಮುಖಿ ಬೂದಿ ಬಿತ್ತು. ಕೆಸರು ಮೂಳೆ ಕಾಪಾಡಿತು. ಬೂದಿಯಲ್ಲಿರುವ ಪೊಟ್ಯಾಸಿಯಂ ಎಷ್ಟು ಆರ್ಗಾನ್ ಆಗಿದೆ ಅಂತ ಅಳೆದರೆ ವರ್ಷ ಗೊತ್ತಾಗುತ್ತದೆ. ಮತ್ತೆ ಆ ನೆಲ ಈಗ ಸವೆದು ಮೂಳೆಗಳನ್ನು ಹೊರಗೆ ಹಾಕುತ್ತಿದೆ. ನಮ್ಮ ದೇಶದಲ್ಲಿ ಅಷ್ಟು ಹಳೆಯ ಮಾನವನ ಬುರುಡೆ ಅಂತ ಸಿಕ್ಕಿದ್ದು ನರ್ಮದಾ ದಂಡೆಯ ಹಥನೋರಾದ್ದು, 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ ಅವರಿಗೆ. ಅದೂ ನದಿಯ ಗರಸಿನಲ್ಲೇ, ಬುರುಡೆಯ ಮೇಲ್ಭಾಗ ಮಾತ್ರ.

ಗುಮ್ಮಟದ ಪಿಸುಮಾತು
ಇದು ಒಪ್ಪಿದೆ. ಕೊನೆಯ ಪ್ರಶ್ನೆ. ಎಲ್ಲರಿಗಿಂತ ಮೊದಲು ನಿಂತವರು ಯಾರು? ಒಂದು ಹೆಸರು ಹೇಳಿ.

ಬಾಗಲಕೋಟೆ ಮಾಸ್ತರ
ಒಂದು ಹೆಸರು ಕೇಳಬೇಡಿ, ಎರಡು ಕೊಡುತ್ತೇನೆ. ಚಾಡ್ ದೇಶದ ಮರುಭೂಮಿಯಲ್ಲಿ 2001ರಲ್ಲಿ ಮಿಶೆಲ್ ಬ್ರುನೆ ತಂಡಕ್ಕೆ ಸಿಕ್ಕ ಸಹೆಲಾಂತ್ರೋಪಸ್, ಸುಮಾರು 70 ಲಕ್ಷ ವರ್ಷದ್ದು. ಬುರುಡೆಯ ತೂತು ಮುಂದಿದೆ, ಹಾಗಾಗಿ ನಡೆಯುತ್ತಿತ್ತು ಅಂದರು. ಅದೇ ಜಾಗದಲ್ಲಿ ಒಂದು ತೊಡೆಮೂಳೆಯೂ ಸಿಕ್ಕಿತ್ತು. ಅದರ ಬಗ್ಗೆ ಆ ತಂಡದ ಪೂರ್ತಿ ಬರಹ ಬಂದದ್ದು 2022ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯಿತು ಅಂತ ನನಗೂ ಅನಿಸುತ್ತದೆ. ಅವರು ನಡೆಯುತ್ತಿತ್ತು ಅನ್ನುತ್ತಾರೆ, ಅದೇ ಮೂಳೆ ನೋಡಿದ ಇನ್ನೊಂದು ಗುಂಪು ಇಲ್ಲ ಅನ್ನುತ್ತದೆ. ಎರಡನೆಯದು ಕೆನ್ಯಾದ ಓರೋರಿನ್, 60 ಲಕ್ಷ ವರ್ಷದ್ದು, 2000ದಲ್ಲಿ ಬ್ರಿಜಿತ್ ಸೆನ್ಯೂ ಮತ್ತು ಮಾರ್ಟಿನ್ ಪಿಕ್‌ಫರ್ಡ್ ತಂಡಕ್ಕೆ ಸಿಕ್ಕದ್ದು. ಇದಕ್ಕೆ ತೊಡೆಮೂಳೆಯ ಮೇಲ್ಭಾಗ ಚೆನ್ನಾಗಿ ಉಳಿದಿದೆ, ನಡೆಯುವವರ ಗುರುತುಗಳಿವೆ. ನನ್ನ ಮತ ಸದ್ಯಕ್ಕೆ ಓರೋರಿನ್‌ಗೆ.

ಬಾದಾಮಿ ಹುಡುಗ
ಬಹಳ ಥ್ಯಾಂಕ್ಸ್ ಎಲ್ಲರಿಗೂ. ಮಲಪ್ರಭಾ ಅಣ್ಣಾರೆ, ನಮ್ಮ ಹೊಲ ನದಿ ಹತ್ತಿರವೇ ಇದೆ. ಅಂಥ ಕಲ್ಲು ಕಂಡರೆ ಗುರುತು ಹಿಡಿಯುವುದು ಹೇಗೆ? ಮನೆಗೆ ತರಬಹುದಾ?

ಮಲಪ್ರಭಾ ದಂಡೆ
ತರಬೇಡ ತಮ್ಮಾ. ಕಲ್ಲಿಗಿಂತ ಅದು ಬಿದ್ದ ಜಾಗ ಮುಖ್ಯ, ಎತ್ತಿಕೊಂಡು ಬಂದರೆ ಅದು ಯಾವ ಪದರದ್ದು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಅಂಗೈಗಿಂತ ದೊಡ್ಡದು, ಒಂದು ತುದಿ ಚೂಪು, ಎರಡೂ ಮುಖದಿಂದ ಚಕ್ಕೆ ಎಬ್ಬಿಸಿದ ಗುರುತು, ಎರಡೂ ಅಂಚು ಹೆಚ್ಚುಕಮ್ಮಿ ಸಮ. ಒಂದೇ ಕಡೆ ಒಡೆದಿದ್ದರೆ ಅದು ಟ್ರ್ಯಾಕ್ಟರ್ ನೇಗಿಲ ಪೆಟ್ಟೂ ಆಗಿರಬಹುದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಎರಡೂ ಮುಖದ ಫೋಟೋ ತೆಗೆದು ಲೊಕೇಶನ್ ಸಮೇತ ನನಗೆ ಖಾಸಗಿಯಾಗಿ ಕಳಿಸು. ಜಾಗದ ವಿವರ ಇಲ್ಲಿ ಎಲ್ಲರ ಮುಂದೆ ಹಾಕಬೇಡ. ಪುರಾತತ್ವ ಇಲಾಖೆಯವರಿಗೆ ಹೇಗೆ ತಿಳಿಸುವುದು ಅಂತ ಆಮೇಲೆ ನೋಡೋಣ.